'ಕಾನಡಿ' ಎಂದರೆ ಬೈಗುಳವೇ?

ನೆರೂಳಿನ ತರಕಾರಿ ಮಾರುಕಟ್ಟೆಯಲ್ಲೋ ಲೋಕಲ್ ಗಾಡಿಯಲ್ಲೋ ಯಾರಾದರೂ 'ಕಾನಡಿ' ಎಂದು ಗುರುತಿಸಿದರೆ ನಮ್ಮಲ್ಲಿ ಅನೇಕರ ಮುಖ ಸಣ್ಣದಾಗುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಆ ಮಾತು ಕೇಳಿದಾಗಲೆಲ್ಲ ನಾವೂ ಮುನಿದವರೇ. ಆದರೆ ಪದದ ಜಾತಕ ತೆರೆದು ನೋಡಿದರೆ ಮುನಿಸಿಗೆ ಆಧಾರವೇ ಉಳಿಯುವುದಿಲ್ಲ.

'ಕಾನಡಿ' ಎಂಬುದು ಅಡ್ಡಹೆಸರಲ್ಲ. 'ಕನ್ನಡ' ಎಂಬ ನಮ್ಮದೇ ಹೆಸರಿನ ಮರಾಠಿ ರೂಪ. ಪ್ರಾಕೃತದ 'ಕಣ್ಣ' (ಕಿವಿ) ಮರಾಠಿಯಲ್ಲಿ 'ಕಾನ' ಆದಂತೆ, ಇಲ್ಲಿಯೂ ಒತ್ತಕ್ಷರ ಸಡಿಲಗೊಂಡು ಹಿಂದಿನ ಸ್ವರ ದೀರ್ಘವಾಗಿದೆ. ಹದಿಮೂರನೆಯ ಶತಮಾನದ ಸಂತ ಜ್ಞಾನೇಶ್ವರರ ಹೆಸರಿನಲ್ಲಿರುವ ಪ್ರಸಿದ್ಧ ಅಭಂಗವೊಂದು ಪಂಢರಪುರದ ವಿಠ್ಠಲನನ್ನೇ 'ಕಾನಡಾ' ಎಂದು ಕರೆಯುತ್ತದೆ. ಮರಾಠಿಯಲ್ಲಿ ಆ ಪದಕ್ಕೆ 'ತಿಳಿಯಲಾಗದ' ಎಂಬ ಅರ್ಥಛಾಯೆಯೂ ಇರುವುದರಿಂದ, ಅಲ್ಲಿ ಅದು 'ಅಗಮ್ಯ'ನೆಂದೇ ಎನ್ನುವ ವ್ಯಾಖ್ಯಾನಕಾರರಿದ್ದಾರೆ. ಆದರೆ ಅದೇ ಸಾಲಿನಲ್ಲಿ 'ಕರ್ನಾಟಕ'ದ ಹೆಸರೂ ಬರುವುದನ್ನು ಮರೆಯಲಾಗದು. ದೇವರಿಗೆ ಸಂದ ಹೆಸರು ನಮಗೆ ಬೈಗುಳವಾದೀತೆ?

ಇನ್ನು 'ಕನ್ನಡ'ದ ಮೂಲವೇನು? ಕರಿಮಣ್ಣಿನ ನಾಡು, ಎತ್ತರದ ನಾಡು, ಕಂಪಿನ ನಾಡು ಎಂದು ಹಲವು ವಿವರಣೆಗಳುಂಟು, ಪಂಡಿತರಲ್ಲಿ ಒಮ್ಮತವಿಲ್ಲ. ಸುಮಾರು ಕ್ರಿ.ಶ. 850ರ 'ಕವಿರಾಜಮಾರ್ಗ'ವಂತೂ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನೇ ಕನ್ನಡವೆಂದಿದೆ.

ನಿಜವಾಗಿ ಕೆಟ್ಟದ್ದು ಪೋರ್ಚುಗೀಸರ ನಾಲಿಗೆಯಲ್ಲಿ. 'ಡ'ಕಾರ 'ರ'ಕಾರವಾಗಿ 'ಕನಾರಾ' ಹುಟ್ಟಿತು. ಅದರಿಂದಲೇ ಇಂಗ್ಲಿಷರ 'ಕೆನರಾ', 'ಕೆನರೀಸ್'. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಹೆಸರಿನಲ್ಲಿಯೂ ಇರುವುದು ಅದೇ. ಪೋರ್ಚುಗೀಸರು ಗೋವೆಯ ಕೊಂಕಣಿಗರನ್ನೂ 'ಕನಾರಿಂ' ಎಂದೇ ಕರೆದರು: ಥಾಮಸ್ ಸ್ಟೀಫನ್ಸ್ ಪಾದ್ರಿ ರಚಿಸಿ, 1640ರಲ್ಲಿ ರಾಚೋಲಿನಲ್ಲಿ ಅಚ್ಚಾದ ಕೊಂಕಣಿ ವ್ಯಾಕರಣ 'ಕನಾರಿಂ' ಭಾಷೆಯದೆಂದೇ ಹೆಸರು ಹೊತ್ತಿದೆ!

ಇಂಥ ಗೊಂದಲ ನಮಗಷ್ಟೇ ಮೀಸಲಲ್ಲ. ಫ್ರಾನ್ಸಿನ ನೈರುತ್ಯದ ಗ್ಯಾಸ್ಕನ್ನರ ಹೆಸರು ಬಂದದ್ದು 'ವಾಸ್ಕೋನ್' ಎಂಬ ಪ್ರಾಚೀನ ಜನಾಂಗದಿಂದ. 'ಬಾಸ್ಕ್' ಎಂಬುದರ ಮೂಲವೂ ಅದೇ. ಆದರೆ ಗ್ಯಾಸ್ಕನ್ನರ ನುಡಿ ಲ್ಯಾಟಿನ್‌ನ ಸಂತತಿ, ಬಾಸ್ಕಿಗೆ ಅದರ ನಂಟೇ ಇಲ್ಲ.

ನಮ್ಮ ನೆರೂಳಿನಲ್ಲಿಯೂ ಮನೆಯೊಳಗೆ ತುಳುವನ್ನೋ ಕೊಂಕಣಿಯನ್ನೋ ಆಡುವವರು ಅನೇಕರಿದ್ದಾರೆ. ನೆರೆಮನೆಯ ಮರಾಠಿ ಅಜ್ಜಿಗೆ ಅವರೆಲ್ಲರೂ 'ಕಾನಡಿ'ಗಳೇ. ತಿದ್ದಲು ಹೊರಟರೆ ಆಕೆ ಚಹಾ ಮುಂದಿಟ್ಟು, 'ಪಂಢರಿಯ ಊರಿನ ಆಚೆಯವರಲ್ಲವೇ ನೀವು?' ಎನ್ನುತ್ತಾಳೆ.