ಇನ್ನೂರಾ ಒಂದನೆಯ ಯೂನಿಟ್

ನಮ್ಮ ಯಾದಗಿರಿ ಜಿಲ್ಲೆಯ ರಂಗಂಪೇಟೆಯಲ್ಲಿ ಕರೆಂಟಿನ ಬಗ್ಗೆ ಮಾತಾಡಿದರೂ ಅಷ್ಟೆ, ಭೀಮರಾಯನಗುಡಿಯಲ್ಲಿ ಮಾತಾಡಿದರೂ ಅಷ್ಟೆ, ಮೊದಲು ಏಳುವ ಪ್ರಶ್ನೆ ಒಂದೇ. "ಸರ್, ಎರಡು ನೂರು ಯೂನಿಟ್ ಫ್ರೀ ಅಂತಾರ. ನಾವು ಸುಟ್ಟದ್ದು ನೂರಾ ಮೂವತ್ತು. ಮತ್ತ ಬಿಲ್ ಯಾಕ ಬಂತ್ರಿ?" ಕೇಳಿದವರು ಬಹುತೇಕ ಬಾಡಿಗೆ ಮನೆಯವರೇ ಆಗಿರುತ್ತಾರೆ. ಈ ಅಧ್ಯಾಯ ಅವರಿಗಾಗಿ.

ಪರಿಭಾಷೆ ಬೇಗ ಮುಗಿಸೋಣ. ಸಾವಿರ ವ್ಯಾಟ್‌ನ ಉಪಕರಣ ಒಂದು ತಾಸು ನಡೆದರೆ ಒಂದು ಯೂನಿಟ್. ಯಾದಗಿರಿ, ಶಹಾಪುರ, ಸುರಪುರಗಳಿಗೆ ಕರೆಂಟ್ ಕೊಡುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಜೆಸ್ಕಾಂ. ಬಿಲ್ಲಿನ ಮೇಲ್ಭಾಗದ ಆರ್.ಆರ್. ನಂಬರ್ ನಿಮ್ಮದಲ್ಲ, ಆ ಮನೆಯ ಮೀಟರಿನದು. ಬಾಡಿಗೆದಾರ ಬರುತ್ತಾನೆ, ಹೋಗುತ್ತಾನೆ, ನಂಬರ್ ಗೋಡೆಗೇ ಅಂಟಿಕೊಂಡಿರುತ್ತದೆ. ಇದೊಂದನ್ನು ನೆನಪಿಟ್ಟರೆ ಮುಂದಿನದು ಸಲೀಸು.

ಈ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಗೆ ಅಧಿಕೃತ ಚಾಲನೆ ಸಿಕ್ಕಿದ್ದು 2023ರ ಆಗಸ್ಟ್ 5ರಂದು, ನಮ್ಮ ಕಲಬುರಗಿಯಲ್ಲೇ. ಜನರ ಕಿವಿಗೆ ಬಿದ್ದದ್ದು 'ಇನ್ನೂರು' ಎಂಬ ಒಂದೇ ಸಂಖ್ಯೆ. ಆದೇಶದಲ್ಲಿರುವುದು ಎರಡು. ಮೊದಲನೆಯದು ನಿಮ್ಮ ಅರ್ಹತೆ: 2022-23ರ ಸಾಲಿನಲ್ಲಿ ಆ ಮೀಟರ್ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅಷ್ಟು, ಅದರ ಮೇಲೆ ಶೇ 10. ಹಳೆಯ ದಾಖಲೆ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್, ಶೇ 10 ಕೂಡಿಸಿ 58. ಕಡಿಮೆ ಸುಡುವ ಮನೆಗಳಿಗೆ ಶೇ 10ರ ಬದಲು ನೇರ 10 ಯೂನಿಟ್ ಕೊಡಲು 2024ರ ಜನವರಿಯಲ್ಲಿ ಸಂಪುಟ ಒಪ್ಪಿತು. ಎರಡನೆಯ ಸಂಖ್ಯೆಯೇ ಆ ಇನ್ನೂರು. ಅದು ಕೊಡುಗೆಯಲ್ಲ, ಗಡಿಗೋಡೆ.

ಗೋಡೆ ಎಂದದ್ದು ಯಾಕೆಂದು ಒಂದು ಲೆಕ್ಕದಲ್ಲಿ ನೋಡಿ. ನಿಮ್ಮ ಮನೆಯ ಅರ್ಹತೆ 110 ಯೂನಿಟ್ ಅನ್ನಿ. ಮೇ ತಿಂಗಳಲ್ಲಿ 199 ಸುಟ್ಟಿರಿ. ಹೆಚ್ಚಾದ 89 ಯೂನಿಟ್‌ಗೆ ಮಾತ್ರ ದುಡ್ಡು. 2025-26ರ ಗೃಹಬಳಕೆ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಹಾಗಾಗಿ 516 ರೂಪಾಯಿ. ಇನ್ನು ಎರಡೇ ಯೂನಿಟ್ ಜಾಸ್ತಿಯಾಗಿ 201 ಆಯಿತೆನ್ನಿ. ಆಗ ಎರಡು ಯೂನಿಟ್‌ಗೆ ಹನ್ನೆರಡು ರೂಪಾಯಿ ಕೂಡಿಸಿಕೊಂಡು ಹೋಗುವುದಿಲ್ಲ. ಅರ್ಹತೆಯೇ ಆ ತಿಂಗಳು ಬಿದ್ದುಹೋಗುತ್ತದೆ, ಇಡೀ 201ಕ್ಕೂ ಬಿಲ್: 1,166 ರೂಪಾಯಿ. ಇದು ಬರೀ ಯೂನಿಟ್ ದರ. ಮೇಲೆ ಅದೇ ಸಾಲಿನ ಲೆಕ್ಕದಲ್ಲಿ ಶೇ 9 ತೆರಿಗೆ, ಮಂಜೂರಾದ ಒಂದೊಂದು ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ, ಪಿಂಚಣಿ ಸರ್ಚಾರ್ಜ್ ಯೂನಿಟ್‌ಗೆ 36 ಪೈಸೆ. ಇನ್ನೂರಾ ಒಂದನೆಯ ಯೂನಿಟ್‌ನಷ್ಟು ತುಟ್ಟಿಯ ಸಾಮಾನು ಯಾದಗಿರಿ ಬಜಾರಿನಲ್ಲಿ ಇನ್ನೊಂದಿಲ್ಲ.

ಇಲ್ಲಿಯವರೆಗೆ ತಲೆದೂಗಿದವರು ಮುಂದಿನ ಮೆಟ್ಟಿಲಲ್ಲಿ ಎಡವುತ್ತಾರೆ, ಅದೂ ಬಾಡಿಗೆದಾರರೇ. ಕೆಳಗೆ ಮಾಲಕರು, ಮೇಲೆ ಎರಡು ಬಾಡಿಗೆ ಮನೆ. ಮೂರಕ್ಕೂ ಸೇರಿ ಜೆಸ್ಕಾಂ ಮೀಟರ್ ಒಂದೇ, ಮೇಲಿನವರಿಗೆ ಮಾಲಕರು ಹಾಕಿಸಿದ ಸಬ್ ಮೀಟರ್. ಕೆಳಗೆ 100, ಮೇಲೆ 60, 60. ಯಾರೂ ದುಂದು ಮಾಡಿಲ್ಲ, ಆದರೂ ಒಟ್ಟು 220. ಗೋಡೆ ದಾಟಿತು, ಮೂರೂ ಮನೆಗೆ ಪೂರ್ತಿ ಬಿಲ್. ಬೇರೆ ಬೇರೆ ಆರ್.ಆರ್. ನಂಬರ್ ಇದ್ದಿದ್ದರೆ ಒಂದು ಮನೆಯೂ ಇನ್ನೂರರ ಹತ್ತಿರ ಸುಳಿಯುತ್ತಿರಲಿಲ್ಲ. ಇದರ ತಿರುಗುಮುರುಗು ಕಥೆಯೂ ಉಂಟು. ಒಟ್ಟು ಬಳಕೆ ಕಡಿಮೆಯಾಗಿ ಮಾಲಕರಿಗೆ ಸೊನ್ನೆ ಬಿಲ್ ಬಂದಿರುತ್ತದೆ, ಸಬ್ ಮೀಟರ್ ನೋಡಿ ಬಾಡಿಗೆದಾರರಿಂದ ಯೂನಿಟ್‌ಗೆ ಇಷ್ಟೆಂದು ವಸೂಲಿ ಮಾತ್ರ ನಿಂತಿರುವುದಿಲ್ಲ. ನಾನೂ ಒಂದು ವರ್ಷ ಹಾಗೆ ಕೊಟ್ಟವನೇ. ಬಿಲ್ ತೋರಿಸಿ ಅನ್ನಲು ನಾಚಿಕೆ, ಆಮೇಲೆ ಆ ನಾಚಿಕೆಗೆ ತೆತ್ತದ್ದನ್ನು ಕೂಡಿಸಿ ನೋಡಿದಾಗ ಇನ್ನೂ ನಾಚಿಕೆ.

ಆದ್ದರಿಂದ ಮನೆ ನೋಡಲು ಹೋದಾಗ 'ಬಾಡಿಗೆ ಎಷ್ಟ್ರಿ' ಅನ್ನುವ ಮೊದಲು 'ಮೀಟರ್ ಬೇರೆ ಐತೇನ್ರಿ' ಎಂದು ಕೇಳಿ. ಬೇರೆ ಮೀಟರ್ ಇರುವ ಮನೆಗೆ ತಿಂಗಳಿಗೆ ಇನ್ನೂರು ರೂಪಾಯಿ ಹೆಚ್ಚು ಕೊಟ್ಟರೂ ಅನೇಕ ಸಲ ಅದೇ ಅಗ್ಗ. ಹಿಂದಿನ ಮೇ ತಿಂಗಳ ಬಿಲ್ ಕೇಳಿ ಪಡೆಯಿರಿ. ಒಳಗೆ ಕಾಲಿಡುವ ದಿನ ಮೀಟರಿನ ಅಂಕಿಯ ಫೋಟೊ ತೆಗೆದು, ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಅದನ್ನೇ ಬರೆಸಿ.

ಮನೆ ಬದಲಾಯಿಸಿದವರಿಗೆ ಇನ್ನೊಂದು ಕೆಲಸ. ಗೃಹಜ್ಯೋತಿಯಲ್ಲಿ ನಿಮ್ಮ ಆಧಾರ್ ಹಳೆ ಮನೆಯ ಮೀಟರಿಗೆ ಜೋಡಣೆಯಾಗಿರುತ್ತದೆ. 2024ರಲ್ಲಿ ಸೇವಾಸಿಂಧು ಪೋರ್ಟಲ್‌ನಲ್ಲಿ ಡಿ-ಲಿಂಕ್ ಸೌಲಭ್ಯ ಬಂತು. ಹಳೆಯದನ್ನು ಬಿಡಿಸಿಕೊಂಡು ಹೊಸ ಆರ್.ಆರ್. ನಂಬರಿಗೆ ಅರ್ಜಿ ಹಾಕಬೇಕು. ಬಾಡಿಗೆದಾರರಿಗೆ ಯೋಜನೆ ಇಲ್ಲ ಎಂಬ ಮಾತು ಇನ್ನೂ ಕೇಳಿಬರುತ್ತದೆ. ಅದು ಸುಳ್ಳು. ಹೊಸ ಮೀಟರಿನ ಮೇಲೆ ಅರ್ಹತೆ ಎಷ್ಟು ಬಿತ್ತೆಂದು ಮೊದಲ ಬಿಲ್ಲಿನಲ್ಲೇ ನೋಡಿಕೊಳ್ಳಿ. ನಿಮ್ಮ ಬಜೆಟ್ ಶುರುವಾಗುವುದು ಆ ಅಂಕಿಯಿಂದ.

ಬಜೆಟ್ ಎಂದೆ. ತಿಂಗಳ ಬಜೆಟ್ ಅಲ್ಲ, ವರ್ಷದ್ದು. ನಮ್ಮ ಜಿಲ್ಲೆಯಲ್ಲಿ ಕರೆಂಟಿಗೆ ಹತ್ತು ಸಾಧಾರಣ ತಿಂಗಳು, ಎರಡು ಘೋರ ತಿಂಗಳು. ಏಪ್ರಿಲ್, ಮೇನಲ್ಲಿ ಬಿಸಿಲಿನ ಕಾರಣಕ್ಕೆ ಈ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಒಳ್ಳೆಯದೇ. ಆದರೆ ನೌಕರ ಮನೆ ಮುಟ್ಟುವುದು ಸರಿಯಾಗಿ ಧಗೆ ನೆತ್ತಿಗೇರಿದ ಹೊತ್ತಿಗೆ. ಶಾಲೆ ರಜೆ, ಮಕ್ಕಳೂ ಒಳಗೇ. ಹೀಗಾಗಿ ಆ ಎರಡು ತಿಂಗಳು ಕಚೇರಿಯ ಫ್ಯಾನ್ ಬೇಗ ನಿಂತು, ಮನೆಯ ಕೂಲರ್ ಬೇಗ ಶುರುವಾಗುತ್ತದೆ.

ಕೂಲರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಇದು ನನ್ನ ಪ್ರೀತಿಯ ಯಂತ್ರ. 180 ವ್ಯಾಟ್‌ನ ಕೂಲರ್ ದಿನಕ್ಕೆ ಹತ್ತು ತಾಸು ನಡೆದರೆ ತಿಂಗಳಿಗೆ 54 ಯೂನಿಟ್. 75 ವ್ಯಾಟ್‌ನ ಎರಡು ಹಳೆ ಫ್ಯಾನ್ ಹದಿನಾರು ತಾಸು ತಿರುಗಿದರೆ 72. ನೋಡಿದಿರಾ, ಎಲ್ಲರೂ ಬೈಯುವುದು ಕೂಲರನ್ನು, ಹೆಚ್ಚು ಸುಡುತ್ತಿರುವುದು ಫ್ಯಾನ್! ಅದೇ ಜಾಗಕ್ಕೆ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಎರಡು ಬಂದರೆ 72 ಹೋಗಿ 29 ಆಗುತ್ತದೆ. ಗೋಡೆಯ ಅಂಚಿನಲ್ಲಿರುವ ಮನೆಗೆ ಆ 43 ಯೂನಿಟ್ ಎಂದರೆ ಮೇ ತಿಂಗಳ ಪ್ರಾಣವಾಯು. ಮನೆ ಖಾಲಿ ಮಾಡುವಾಗ ಫ್ಯಾನ್ ಬಿಚ್ಚಿಕೊಂಡು ಹೋಗಬಹುದು. ಬಾಡಿಗೆ ಮನೆಯಲ್ಲಿ ದುಡ್ಡು ಹಾಕುವುದಿದ್ದರೆ ಇಂಥದಕ್ಕೇ ಹಾಕಿ.

ಕೂಲರ್ ತಣ್ಣಗೆ ಮಾಡುವುದು ಮೋಟರಿನಿಂದಲ್ಲ, ನೀರು ಆರುವುದರಿಂದ. ಒಂದು ಲೀಟರ್ ನೀರು ಆವಿಯಾಗುವಾಗ ಹೆಚ್ಚುಕಡಿಮೆ ಒಂದು ಯೂನಿಟ್‌ನ ಮೂರನೇ ಎರಡರಷ್ಟು ಶಾಖವನ್ನು ಗಾಳಿಯಿಂದ ಹೀರುತ್ತದೆ. ಬಾಗಿಲ ಮೂಲೆಯ ರಂಜಣಗಿಯೊಳಗೆ ನೀರು ತಣ್ಣಗಿರುವುದೂ ಇದೇ ಲೆಕ್ಕದಲ್ಲಿ, ಅದಕ್ಕೆ ಬಿಲ್ ಇಲ್ಲ. ಒಣಗಾಳಿ ಇದ್ದಷ್ಟು ನೀರು ಬೇಗ ಆರುತ್ತದೆ, ಯಾದಗಿರಿಯ ಮೇ ಗಾಳಿಗಿಂತ ಒಣಗಾಳಿ ಎಲ್ಲಿಂದ ತರುವುದು? ಕರಾವಳಿಯವರಿಗೆ ಈ ಭಾಗ್ಯವಿಲ್ಲ. ಆದರೆ ನಮ್ಮಲ್ಲಿ ಅನೇಕರು ಎಸಿಯ ಅಭ್ಯಾಸ ಇಟ್ಟುಕೊಂಡು ಕಿಟಕಿ ಬಾಗಿಲು ಮುಚ್ಚಿ ಕೂಲರ್ ಹಚ್ಚುತ್ತಾರೆ. ಅರ್ಧ ತಾಸಿನಲ್ಲಿ ಒಳಗಿನ ಗಾಳಿ ತೇವ ತುಂಬಿ, ನೀರು ಆರುವುದು ನಿಂತು, ಹಾಸಿಗೆ ಜಿಗುಟಾಗುತ್ತದೆ. ಆಗ 'ಕೂಲರ್ ಕೆಟ್ಟೈತಿ' ಎಂದು ವೇಗ ಏರಿಸುತ್ತಾರೆ. ಕೆಟ್ಟಿಲ್ಲ. ಕೂಲರಿನ ಬೆನ್ನು ಹೊರಗಿನ ಕಿಟಕಿಗೆ ಇರಲಿ, ಎದುರಿನ ಕಿಟಕಿ ಒಂದು ಗೇಣು ತೆರೆದಿರಲಿ. ಸುರಪುರದಲ್ಲಿ ಬ್ರಿಟಿಷರ ಕಾಲದ ಅಧಿಕಾರಿ ಮೆಡೋಸ್ ಟೇಲರ್ ಗುಡ್ಡದ ಮೇಲೆ ಮನೆ ಕಟ್ಟಿಸಿಕೊಂಡು ಗಾಳಿಯನ್ನು ಪುಕ್ಕಟೆ ಪಡೆದ, ನಾವು ಕಿಟಕಿಯಿಂದ ಪಡೆಯಬೇಕು.

ವಸತಿ ನೆರವಿನ ಮಾತು ಚಿಕ್ಕದು, ಯಾಕೆಂದರೆ ಬಾಡಿಗೆಗೆಂದೇ ಕೈಗೆ ಹಣ ಕೊಡುವ ಯೋಜನೆ ನಮ್ಮಲ್ಲಿ ಜನಸಾಮಾನ್ಯರಿಗೆ ಇಲ್ಲ. ರಾಜ್ಯ ಸರ್ಕಾರಿ ನೌಕರರಿಗೆ ಮನೆ ಬಾಡಿಗೆ ಭತ್ಯೆ ಇದೆ. ಯಾದಗಿರಿಯಂಥ ಸಣ್ಣ ಊರಿಗೆ 2024ರ ಆಗಸ್ಟ್‌ನಿಂದ ಮೂಲ ವೇತನದ ಶೇ 7.5, ಅಂದರೆ ಕನಿಷ್ಠ ಮೂಲ ವೇತನ 27,000 ಪಡೆಯುವವರಿಗೆ 2,025 ರೂಪಾಯಿ. ದೇಶದಲ್ಲೆಲ್ಲೂ ಪಕ್ಕಾ ಮನೆ ಇಲ್ಲದವರು ಪಿಎಂ ಆವಾಸ್ ನಗರ 2.0ಕ್ಕೆ ಅರ್ಜಿ ಹಾಕಬಹುದು, ಅದು 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಗ್ಯಾಸಿನ ವಿಷಯಕ್ಕೆ ಬಂದರೆ, ಊರು ಬಿಟ್ಟು ಬಂದವರಿಗೆ ಉಜ್ವಲ 2.0ದಲ್ಲಿ ವಿಳಾಸದ ಸ್ವಯಂ ಘೋಷಣೆ ಸಾಕು. ವಿಳಾಸದ ಕಾಗದವಿಲ್ಲ ಎಂದು ಸೌದೆ ಉರಿಸುವ ಬಾಡಿಗೆದಾರರಿಗೆ ಇದನ್ನು ತಿಳಿಸಿ.

ಇನ್ನೊಂದು ಬೇಡಿಕೆ, ಪಿಯು ವಿಜ್ಞಾನದ ಹುಡುಗ ಹುಡುಗಿಯರಲ್ಲಿ. ಛಾವಣಿಗೂ ಬಿಲ್ಲಿಗೂ ಇರುವ ನಂಟು ನೋಡಲು ಮುಂದಿನ ಮೇನಲ್ಲಿ ಓಣಿಯ ಮೂರು ಮನೆ ಆರಿಸಿಕೊಳ್ಳಿ: ಒಂದು ಮಣ್ಣಿನ ಮಾಳಿಗೆ, ಒಂದು ಶಹಾಬಾದ್ ಕಲ್ಲಿನ ಛಾವಣಿ, ಒಂದು ಆರ್‌ಸಿಸಿ. ಮೂರರಲ್ಲೂ ಒಂದೊಂದು ಥರ್ಮಾಮೀಟರ್ ತೂಗುಹಾಕಿ, ದಿನಾ ಎರಡು ಹೊತ್ತು ಉಷ್ಣತೆಯನ್ನೂ ಮೀಟರಿನ ಅಂಕಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಮಧ್ಯಾಹ್ನ ಮೂರಕ್ಕೊಮ್ಮೆ, ರಾತ್ರಿ ಹತ್ತಕ್ಕೊಮ್ಮೆ. ಹತ್ತರದ್ದನ್ನು ತಪ್ಪಿಸಬೇಡಿ. ಹಗಲೆಲ್ಲ ಕುಡಿದ ಬಿಸಿಲನ್ನು ಸ್ಲ್ಯಾಬ್ ಒಳಗೆ ಬಿಡುವುದು ಆಗಲೇ.