ರೋಗಿಗೆ ಬೇಕಾದ ಮಾತು, ವೈದ್ಯರು ಆಡುವ ಮಾತು

ಸಕ್ಕರೆ ಕಾಯಿಲೆಯ ರೋಗಿಗೆ 10 ಯೂನಿಟ್ ಇನ್ಸುಲಿನ್ ಕೊಡಿ ಎಂದು ಡಾಕ್ಟರು ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ಯೂನಿಟ್ ಅನ್ನುವುದನ್ನು ಇಂಗ್ಲಿಷಿನ ‘ಯು’ ಅಕ್ಷರವೊಂದರಲ್ಲೇ ಮುಗಿಸಿರುತ್ತಾರೆ. ಅವಸರದ ಬರವಣಿಗೆಯಲ್ಲಿ ಆ ಅಕ್ಷರದ ಬಾಯಿ ಕೂಡಿಕೊಂಡು ಸೊನ್ನೆಯಾಗುತ್ತದೆ. ರೋಗಿಯ ಮೈಗೆ 100 ಯೂನಿಟ್ ಹೋಗುತ್ತದೆ. ರಕ್ತದ ಸಕ್ಕರೆ ಕುಸಿದು ಎಚ್ಚರ ತಪ್ಪಿದವನನ್ನು ಐಸಿಯುಗೆ ಸಾಗಿಸಿ ಹೇಗೋ ಉಳಿಸಿಕೊಳ್ಳುತ್ತಾರೆ. ಕಣ್ಣು ಬಿಟ್ಟವನು ತನಗೇನಾಯಿತೆಂದು ಕೇಳುತ್ತಾನೆ. ಏನು ಹೇಳಬೇಕು?

ಇದು ಕಲ್ಪಿತ ಪ್ರಸಂಗ. ಅಮೆರಿಕದ ವೈದ್ಯ ಥಾಮಸ್ ಗ್ಯಾಲಗರ್ ಮತ್ತು ಸಂಗಡಿಗರು ತಮ್ಮ ಅಧ್ಯಯನದಲ್ಲಿ ಇಂಥ ಪ್ರಸಂಗಗಳನ್ನು ಮುಂದಿಟ್ಟು, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ವೈದ್ಯರನ್ನು ಕೇಳಿದರು. 2002ರಲ್ಲಿ ಸೇಂಟ್ ಲೂಯಿಸ್ ಪ್ರದೇಶದ 52 ರೋಗಿಗಳನ್ನೂ 46 ವೈದ್ಯರನ್ನೂ ಚಿಕ್ಕಚಿಕ್ಕ ಗುಂಪುಗಳಲ್ಲಿ ಕೂರಿಸಿ ಮಾತಾಡಿಸಿದ್ದರು. ಕೆಲವು ಗುಂಪುಗಳಲ್ಲಿ ಇಬ್ಬರೂ ಎದುರುಬದುರು ಕೂತಿದ್ದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನ ಈ ವಿಷಯದಲ್ಲಿ ಇವತ್ತಿಗೂ ಮೊದಲು ಓದಬೇಕಾದದ್ದು.

ರೋಗಿಗಳು ಕೇಳಿದ್ದು ಹೆಚ್ಚೇನಲ್ಲ. ತೊಂದರೆಯಾಗಿದ್ದರೆ ಅದನ್ನು ಹೇಳಬೇಕು. ಏನಾಯಿತು, ಯಾಕಾಯಿತು, ಈಗ ಅದಕ್ಕೇನು ಮಾಡುತ್ತೀರಿ, ಇನ್ನೊಬ್ಬರಿಗೆ ಹೀಗಾಗದಂತೆ ಏನು ಮಾಡುತ್ತೀರಿ, ಇಷ್ಟೂ ತಿಳಿಯಬೇಕು. ಇದನ್ನೆಲ್ಲ ತಾವಾಗಿ ಕೆದಕಿ ಕೆದಕಿ ಕೇಳುವ ಪರಿಸ್ಥಿತಿ ಬರಬಾರದು. ಜೊತೆಗೆ ಒಂದು ಕ್ಷಮೆಯ ಮಾತು.

ತೊಂದರೆಯಾದರೆ ಹೇಳಲೇಬೇಕೆಂದು ವೈದ್ಯರೂ ಒಪ್ಪಿದರು. ಹೇಳುವ ಬಗೆಯಲ್ಲಿ ಮಾತ್ರ ದಾರಿ ಬೇರೆಯಾಯಿತು. ಮಾತುಗಳನ್ನು ತೂಗಿ ತೂಗಿ ಆಡುತ್ತೇವೆ ಎಂದರು ಅವರು. ಸಕ್ಕರೆ ಇಳಿಯಿತು ಅನ್ನಬಹುದು, ಇನ್ಸುಲಿನ್ ಜಾಸ್ತಿಯಾಯಿತು ಅಂತಲೂ ಅನ್ನಬಹುದು. ನನ್ನ ಕೈಬರಹದಿಂದ ಹತ್ತು ಪಟ್ಟು ಹೋಯಿತು ಅನ್ನುವುದು ಬೇರೆ ಮಾತು. ಮೊದಲೆರಡರಲ್ಲಿ ಸುಳ್ಳಿಲ್ಲ. ಆದರೆ ರೋಗಿಗೆ ಬೇಕಾಗಿರುವುದು ಮೂರನೆಯದು. ಹೇಳಿಯಾಯಿತು ಎಂದು ವೈದ್ಯರು ಎದ್ದು ಹೋಗುತ್ತಾರೆ, ಏನನ್ನೋ ಮುಚ್ಚಿಟ್ಟರು ಎಂಬ ಅನುಮಾನ ಹಾಸಿಗೆಯಲ್ಲಿ ಉಳಿಯುತ್ತದೆ. ಇದೇ ತಂಡ ಅಮೆರಿಕ ಮತ್ತು ಕೆನಡಾದ 2,637 ವೈದ್ಯರ ಮುಂದೆ ಇಂಥ ಪ್ರಸಂಗಗಳನ್ನಿಟ್ಟು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಪ್ಪಾಗಿದೆ ಎಂದು ನೇರವಾಗಿ ಹೇಳುವೆವೆಂದವರು ಶೇ. 42 ಮಾತ್ರ. ಶೇ. 56 ಮಂದಿ ಆದ ತೊಂದರೆಯನ್ನು ಹೇಳಿ, ತಪ್ಪನ್ನು ಹೇಳದೆ ಬಿಡುವ ಮಾತನ್ನು ಆರಿಸಿಕೊಂಡರು. ರೋಗಿಯ ಕಣ್ಣಿಗೆ ತಾನಾಗಿಯೇ ಬೀಳುವಂಥ ತಪ್ಪಾದರೆ ಹೇಳುವವರು ಹೆಚ್ಚು, ಬೀಳದಂಥದಾದರೆ ಕಡಿಮೆ. ಆದರೆ ಯಾರಾದರೂ ಹೇಳದ ಹೊರತು ಗೊತ್ತೇ ಆಗದ ತಪ್ಪಿನಲ್ಲಿಯೇ ರೋಗಿ ವೈದ್ಯರ ಮಾತನ್ನು ಪೂರಾ ನೆಚ್ಚಿಕೊಂಡಿರುತ್ತಾನೆ.

ವೈದ್ಯರು ಹೀಗೆ ತೂಗಿ ಮಾತಾಡುವುದಕ್ಕೆ ಮೊದಲ ಕಾರಣ ಕೋರ್ಟು. ಕ್ಷಮೆ ಕೇಳಿದರೆ ಅದೇ ಸಾಕ್ಷಿಯಾಗಿ ತಿರುಗಿಬೀಳುತ್ತದೆಂಬ ಹೆದರಿಕೆ ಹುಸಿಯೇನಲ್ಲ. ಅದಕ್ಕಾಗಿಯೇ ಮ್ಯಾಸಚೂಸೆಟ್ಸ್ ರಾಜ್ಯ 1986ರಲ್ಲಿ, ಅಪಘಾತಕ್ಕೀಡಾದವರಿಗೆ ಹೇಳಿದ ಸಂತಾಪದ ಮಾತನ್ನು ತಪ್ಪೊಪ್ಪಿಗೆಯೆಂದು ಕೋರ್ಟಿನಲ್ಲಿ ಬಳಸಬಾರದೆಂದು ಕಾನೂನು ಮಾಡಿತು. ಅಮೆರಿಕದ ಬೇರೆ ಹಲವು ರಾಜ್ಯಗಳೂ ಅಂಥ ಕಾನೂನು ತಂದವು.

ಕೋರ್ಟಿನ ಭಯಕ್ಕಿಂತ ಆಳದಲ್ಲಿ ಇನ್ನೊಂದು ಇದೆ, ಅದರ ಬಗ್ಗೆ ನಾವು ತೀರಾ ಕಡಿಮೆ ಮಾತಾಡುತ್ತೇವೆ. ಮಿನ್ನೆಸೋಟದ ಹಳ್ಳಿಗಾಡಿನ ವೈದ್ಯ ಡೇವಿಡ್ ಹಿಲ್ಫಿಕರ್ ತಮ್ಮ ಒಂದು ತಪ್ಪಿನ ಬಗ್ಗೆ 1984ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬರೆದರು. ಗರ್ಭಿಣಿಯೆಂದು ತೋರಿದ ಹೆಂಗಸಿನ ಮೂತ್ರಪರೀಕ್ಷೆ ಮತ್ತೆ ಮತ್ತೆ ಮಾಡಿದರೂ ಗರ್ಭವಿಲ್ಲವೆಂದೇ ಬಂತು. ಅಲ್ಟ್ರಾಸೌಂಡ್ ಬೇಕೆಂದರೆ ದೂರದ ಡುಲೂತ್ ನಗರಕ್ಕೆ ಹೋಗಬೇಕಿತ್ತು. ಭ್ರೂಣ ಸತ್ತಿದೆಯೆಂದು ತಿಳಿದು ಅವರು ಗರ್ಭಕೋಶವನ್ನು ಸ್ವಚ್ಛಗೊಳಿಸಿದರು. ಭ್ರೂಣ ಜೀವಂತವಾಗಿತ್ತು. ಆ ದಂಪತಿಯ ಮೊದಲ ಮಗುವಿನ ಹೆರಿಗೆ ಮಾಡಿಸಿದವರೂ ಅವರೇ. ನಡೆದದ್ದನ್ನು ಗಂಡಹೆಂಡಿರಿಗೆ ಹೇಳಿದರು. ಆದರೆ ಆ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಮುಂದಿನ ಭಾಗ: ತಪ್ಪು ಮಾಡಿದ ವೈದ್ಯನಿಗೆ ಹೋಗಿ ಕೂತು ಹೇಳಿಕೊಳ್ಳಲು ವೈದ್ಯಲೋಕದಲ್ಲಿ ಜಾಗವೇ ಇಲ್ಲ ಎಂಬ ಸಂಕಟ. ಸೇಂಟ್ ಲೂಯಿಸ್‌ನ ವೈದ್ಯರೂ ಇದನ್ನೇ ಹೇಳಿದ್ದರು. ತಪ್ಪಾದಾಗ ತಾವೂ ಕುಗ್ಗಿಹೋಗುತ್ತೇವೆ, ಆದರೆ ಯಾರ ಬಳಿ ಹೋಗಬೇಕೋ ತಿಳಿಯುವುದಿಲ್ಲ ಎಂದು. ಆಲ್ಬರ್ಟ್ ವು ಎಂಬ ವೈದ್ಯ 2000ದಲ್ಲಿ ಇಂಥವರನ್ನು ಎರಡನೆಯ ಬಲಿಪಶು ಎಂದು ಕರೆದರು. ಮೊದಲನೆಯ ಬಲಿಪಶು ರೋಗಿಯೇ, ಅದನ್ನು ಮರೆಯುವಂತಿಲ್ಲ. ಆದರೆ ತನ್ನೊಳಗೇ ಬೇಯುತ್ತಿರುವವನ ಬಾಯಿಂದ ರೋಗಿಗೆ ಬೇಕಾದ ನೇರ ಮಾತು ಹೊರಡುವುದು ಕಷ್ಟ. ಆದ್ದರಿಂದ ತಪ್ಪನ್ನು ಹೇಳುವ ಹೊರೆಯನ್ನು ಒಬ್ಬ ಡ್ಯೂಟಿ ಡಾಕ್ಟರ ಎದೆಗಾರಿಕೆಯ ಮೇಲೆ ಬಿಡಬಾರದು, ಆಸ್ಪತ್ರೆಯೇ ಹೊರಬೇಕು ಎಂದು ನಾನು ನಂಬುತ್ತೇನೆ.

ಹಾಗೆ ಹೊತ್ತ ಆಸ್ಪತ್ರೆಗಳಿವೆ. ಮಿಶಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆ 2001ರಿಂದ ಹೊಸ ದಾರಿ ಹಿಡಿಯಿತು: ತಪ್ಪಾಗಿದ್ದರೆ ತಾನೇ ಮುಂದಾಗಿ ಹೇಳುವುದು, ಕ್ಷಮೆ ಕೇಳುವುದು, ಪರಿಹಾರ ಕೊಡುವುದು, ಚಿಕಿತ್ಸೆ ಸರಿಯಿದ್ದರೆ ಅದನ್ನು ಗಟ್ಟಿಯಾಗಿ ಸಮರ್ಥಿಸಿಕೊಳ್ಳುವುದು. ಮೊಕದ್ದಮೆಗಳ ಮಹಾಪೂರ ಬರುತ್ತದೆಂದು ಹೆದರಿದವರಿದ್ದರು. 2010ರಲ್ಲಿ ಪ್ರಕಟವಾದ ಲೆಕ್ಕದಂತೆ, ಪ್ರತಿ ಒಂದು ಲಕ್ಷ ರೋಗಿಭೇಟಿಗೆ ತಿಂಗಳಿಗೆ 7.03 ಇದ್ದ ಹೊಸ ಪರಿಹಾರ ಬೇಡಿಕೆಗಳು 4.52ಕ್ಕೆ ಇಳಿದವು. ಅದೇ ಕಾಲದಲ್ಲಿ ಇಡೀ ಮಿಶಿಗನ್‌ನಲ್ಲೇ ಇಂಥ ಬೇಡಿಕೆಗಳು ಇಳಿಮುಖವಾಗಿದ್ದವು, ಹಾಗಾಗಿ ಶ್ರೇಯಸ್ಸೆಲ್ಲ ಆ ಪದ್ಧತಿಯದೇ ಅನ್ನಲಾಗದು. ಆದರೆ ಹೇಳಿದ್ದರಿಂದ ಆಸ್ಪತ್ರೆ ಮುಳುಗಲಿಲ್ಲ. ಇಂಗ್ಲೆಂಡಿನಲ್ಲಿ 2014ರ ನವೆಂಬರಿನಿಂದ ಸರ್ಕಾರಿ ಆಸ್ಪತ್ರೆಗಳಿಗೆ, ರೋಗಿಗೆ ಗಂಭೀರ ಹಾನಿಯಾದರೆ ಅದನ್ನು ಹೇಳಿ ಕ್ಷಮೆ ಕೇಳುವುದು ಕಾನೂನಿನ ಕರ್ತವ್ಯವೇ ಆಗಿದೆ.

ನಮ್ಮಲ್ಲಿ 1995ರ ಸುಪ್ರೀಂ ಕೋರ್ಟ್ ತೀರ್ಪು ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆಯನ್ನು ಗ್ರಾಹಕ ಕಾನೂನಿನಡಿ ತಂದಿತು. 2005ರ ಜೇಕಬ್ ಮ್ಯಾಥ್ಯೂ ತೀರ್ಪು, ಘೋರ ನಿರ್ಲಕ್ಷ್ಯವಿಲ್ಲದೆ ವೈದ್ಯರ ಮೇಲೆ ಕ್ರಿಮಿನಲ್ ಕೇಸು ನಿಲ್ಲದೆಂದಿತು. ವೈದ್ಯರ ಮೇಲಿನ ಹಲ್ಲೆ ತಡೆಯಲು ಕರ್ನಾಟಕ 2009ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಹೊರಗೆ ಸಿಟ್ಟಾದ ನೆಂಟರು ಗುಂಪುಗೂಡಿದ್ದಾಗ ತಪ್ಪಾಯಿತೆನ್ನಲು ಯಾವ ವೈದ್ಯರಿಗೆ ಧೈರ್ಯ ಬಂದೀತು? ಒಳಗೇನಾಯಿತೆಂದು ಯಾರೂ ಹೇಳದಿದ್ದರೆ ನೆಂಟರ ಸಿಟ್ಟು ಇಳಿಯುವುದಾದರೂ ಹೇಗೆ? ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮಗಳಂತೆ ರೋಗಿ ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕು. ಹೆಚ್ಚಿನವರಿಗೆ ಇದು ಗೊತ್ತಿಲ್ಲ. ದಾಖಲೆ ಕೈಗೆ ಬಂದರೂ ಅದರಲ್ಲಿರುವುದು ಅಂಕಿ, ಸಂಕ್ಷೇಪಾಕ್ಷರ, ಔಷಧಗಳ ಹೆಸರು. ಅದನ್ನು ಮುಂದಿಟ್ಟುಕೊಂಡು ಯಾವ ಸಾಲಿನಲ್ಲಿ ಏನು ತಪ್ಪಿತೆಂದು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ಚಿಕಿತ್ಸೆ ಕೊಟ್ಟ ವೈದ್ಯರೇ.