ಕುಂಕುಮ, ಕೂದಲು, ಟಾರು ಡ್ರಮ್ಮು: ಶೀಲಾ ಗೌಡರ ಕಲೆ

ಮಿಕ್ಸಿ, ಗ್ರೈಂಡರ್‌ಗಳು ಬಂದ ಮೇಲೆ ಬೆಂಗಳೂರಿನ ಎಷ್ಟೋ ಅಡುಗೆಮನೆಗಳಿಂದ ಒರಳುಕಲ್ಲು ಹೊರಬಿತ್ತು. ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಅದನ್ನಿಡಲು ಜಾಗವಿಲ್ಲ. ಅರಿಸಿನ ಕುಂಕುಮ ಇಟ್ಟು ಪೂಜಿಸಿದ ಕಲ್ಲಾದ್ದರಿಂದ ಒಡೆದು ಹಾಕಲೂ ಮನಸ್ಸಿಲ್ಲ. ಕೊನೆಗೆ ಅದು ರಸ್ತೆ ಬದಿಗೆ ಉರುಳುತ್ತದೆ. ಇಂಥ ಸುಮಾರು 170 ಕಲ್ಲುಗಳನ್ನು ಒಟ್ಟುಮಾಡಿ 2012ರಲ್ಲಿ ನಡೆದ ಮೊದಲ ಕೊಚ್ಚಿ–ಮುಜಿರಿಸ್ ಬಿಯೆನಾಲೆಗೆ ಸಾಗಿಸಿದವರು ಕಲಾವಿದೆ ಶೀಲಾ ಗೌಡ ಮತ್ತು ಅವರ ಪತಿ, ಸ್ವಿಸ್ ಕಲಾವಿದ ಕ್ರಿಸ್ಟೊಫ್ ಸ್ಟೋರ್ಸ್. ಆ ಕಲಾಕೃತಿಯ ಹೆಸರು ‘ಸ್ಟಾಪ್‌ಓವರ್’. ಕಲ್ಲುಗಳನ್ನು ಅವರು ಕೆತ್ತಲಿಲ್ಲ, ಬಣ್ಣ ಬಳಿಯಲಿಲ್ಲ. ಎಷ್ಟೋ ಕೈಗಳು ತಿರುಗಿಸಿ ತಿರುಗಿಸಿ ನುಣುಪಾದ ಆ ಗುಳಿಗಳೇ ಸಾಕಾಗಿದ್ದವು.

1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಅವರು ಬೆಂಗಳೂರಿನಲ್ಲೇ ನೆಲೆಸಿ ಕೆಲಸ ಮಾಡುವವರು. ತಂದೆ ಜನಪದ ಹಾಡುಗಳನ್ನು ದಾಖಲಿಸುತ್ತ, ಹಳ್ಳಿಯ ಬಳಕೆಯ ವಸ್ತುಗಳನ್ನು ಸಂಗ್ರಹಿಸುತ್ತ ಇದ್ದವರು. ಹೀಗಾಗಿ ಪೇಟೆಯ ಜೊತೆಗೆ ಹಳ್ಳಿಯೂ ಬಾಲ್ಯದಿಂದಲೇ ಅವರಿಗೆ ಪರಿಚಿತ. ಕಲೆಯ ಮೊದಲ ಪಾಠ ಆರ್.ಎಂ. ಹಡಪದ್ ಅವರು ಕಟ್ಟಿ ಬೆಳೆಸಿದ ಕೆನ್ ಕಲಾಶಾಲೆಯಲ್ಲಿ. ಅಲ್ಲಿಂದ ಅವರು ಶಾಂತಿನಿಕೇತನಕ್ಕೆ ಹೋದಾಗ ಕೆ.ಜಿ. ಸುಬ್ರಮಣ್ಯನ್ ಅಲ್ಲಿ ಕಲಿಸುತ್ತಿದ್ದರು. ಸುಬ್ರಮಣ್ಯನ್ ಅವರ ಪಾಲಿಗೆ ಆಟಿಕೆ, ಮಣ್ಣಿನ ಫಲಕ, ಭಿತ್ತಿಚಿತ್ರ, ಕ್ಯಾನ್ವಾಸು ಎಲ್ಲವೂ ಒಂದೇ ಮನೆಯ ಮಕ್ಕಳು. ಕುಶಲಕರ್ಮಿಯ ಕೆಲಸ ಕೀಳು, ಕಲಾವಿದನದು ಮೇಲು ಎಂಬ ಲೆಕ್ಕ ಅವರಲ್ಲಿರಲಿಲ್ಲ. ಶೀಲಾ ಅವರ ಮುಂದಿನ ದಾರಿಯನ್ನು ನೋಡಿದರೆ ಈ ಗುರುವಿನ ಪಾಠ ಎಷ್ಟು ಆಳಕ್ಕೆ ಇಳಿದಿತ್ತೆಂದು ತಿಳಿಯುತ್ತದೆ. 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಚಿತ್ರಕಲೆಯ ಸ್ನಾತಕೋತ್ತರ ಪದವಿಯೂ ಆಯಿತು.

ಅಲ್ಲಿಯವರೆಗೆ ಅವರದು ಬಣ್ಣ, ಕುಂಚ, ಕ್ಯಾನ್ವಾಸು. ಕೈ ಸಗಣಿಯ ಕಡೆಗೆ ಹೊರಳಿದ್ದು 1992ರ ಆಸುಪಾಸಿನಲ್ಲಿ. ಬಾಬರಿ ಮಸೀದಿಯ ಧ್ವಂಸ, ಅದರ ಬೆನ್ನಿಗೇ ಮುಂಬಯಿಯ ಗಲಭೆ. ಆ ಹಿಂಸೆಯ ಎದುರು ಎಣ್ಣೆಬಣ್ಣ ಅವರಿಗೆ ಸಾಲದಾಯಿತು. ಅಂಗಳ ಸಾರಿಸುವ, ಬೆರಣಿ ತಟ್ಟುವ, ಒಲೆಗೆ ಉರುವಲಾಗುವ, ಪೂಜೆಗೂ ಬರುವ ಸಗಣಿಯನ್ನೇ ಕೈಗೆತ್ತಿಕೊಂಡರು. ಮೊದಲು ಚಿತ್ರದ ಮೇಲೆ ಲೇಪವಾದ ಸಗಣಿ ಮುಂದೆ ಇಟ್ಟಿಗೆಯಾಯಿತು, ಗೋಡೆ ಬಿಟ್ಟು ನೆಲಕ್ಕಿಳಿಯಿತು.

ಅವರನ್ನು ದೇಶದಾಚೆ ಪರಿಚಯಿಸಿದ ಕೃತಿ ‘ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್’. 1998ರಲ್ಲಿ ಆರಂಭವಾದದ್ದು. ಅದನ್ನು ಮಾಡುವ ಕ್ರಮವನ್ನು ಸ್ವಲ್ಪ ನಿಂತು ನೋಡಬೇಕು. ಬಟ್ಟೆ ಹೊಲಿಯುವ ಸೂಜಿ ಒಂದು. ಅದರ ಕಣ್ಣಿಗೆ ದಾರ ಪೋಣಿಸಿ, ಆ ಉದ್ದನೆಯ ದಾರ ಪೂರ್ತಿ ಹಾದುಹೋಗುವಂತೆ ಎಳೆಯಬೇಕು. ಮತ್ತೊಂದು ಸೂಜಿ, ಮತ್ತೊಂದು ದಾರ. ಹೀಗೆ ಹತ್ತಾರು ಎಳೆಗಳು ಕೂಡಿದ ಮೇಲೆ ಕುಂಕುಮಕ್ಕೆ ಅಂಟು ಕಲಸಿ ಅವಕ್ಕೆ ಸವರಿ ಒಂದಾಗಿಸಿದರೆ ನೂರು ಮೀಟರಿಗೂ ಉದ್ದದ ಕೆಂಪು ಹುರಿಯೊಂದು ಸಿದ್ಧ. ಗೋಡೆಯಿಂದ ಇಳಿದು, ನೆಲದಲ್ಲಿ ಸುರುಳಿ ಸುತ್ತಿ, ಮತ್ತೆ ಮೇಲೇರುವ ಆ ಹುರಿ ದೂರಕ್ಕೆ ಗಾಳಿಯಲ್ಲಿ ಎಳೆದ ರೇಖೆಯಂತಿದ್ದರೆ, ಹತ್ತಿರ ಹೋದವರಿಗೆ ಮೈಯೊಳಗಿನ ನರವೋ ಕರುಳೋ ಹೊರಬಿದ್ದಂತೆ. ಹುರಿಯ ತುದಿಯಲ್ಲಿ ಆ ಎಲ್ಲ ಸೂಜಿಗಳೂ ಗೊಂಚಲಾಗಿ ತೂಗುತ್ತಿರುತ್ತವೆ. ಹೆಂಗಸರ ಕೈಕೆಲಸದ ಬೇಸರ, ತಾಳ್ಮೆ, ನೋವು ಯಾವುದನ್ನೂ ಚಿತ್ರ ಬರೆದು ತೋರಿಸದೆ ಆ ಕೆಲಸವನ್ನೇ ಮಾಡಿ ಮುಗಿಸಿ ಎದುರಿಗಿಟ್ಟಿದ್ದಾರೆ. ಕನ್ನಡ ನಾಡಿನಿಂದ ಹೊರಟ ಸಮಕಾಲೀನ ಕಲಾಕೃತಿಗಳಲ್ಲಿ ಇದಕ್ಕೆ ಸಾಟಿ ಅಪರೂಪ.

2006ರ ‘ಡಾರ್ಕ್‌ರೂಂ’ ಟಾರು ಡ್ರಮ್ಮುಗಳದು. ರಸ್ತೆ ಹಾಕುವ ಕೂಲಿಗಳು ಖಾಲಿ ಡ್ರಮ್ಮನ್ನು ಸೀಳಿ, ತಗಡು ಮಾಡಿ, ಅದರಲ್ಲೇ ಗುಡಿಸಲು ಕಟ್ಟಿಕೊಳ್ಳುವುದನ್ನು ನಮ್ಮ ಕಡೆ ನೋಡದವರಿಲ್ಲ. ಶೀಲಾ ಅವರ ಗುಡಿಸಲಿನ ಮುಂಭಾಗಕ್ಕೆ ಡ್ರಮ್ಮುಗಳೇ ಕಂಬ. ಒಳಗೆ ಹೋಗಬೇಕಾದರೆ ಬಗ್ಗಿ ತೆವಳಬೇಕು. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ತಲೆ ಎತ್ತಿದರೆ, ತಗಡಿನ ಸಣ್ಣ ಸಣ್ಣ ತೂತುಗಳಿಂದ ಬೆಳಕು ತೂರಿ ಚುಕ್ಕಿ ತುಂಬಿದ ಆಕಾಶ! ಡ್ರಮ್ಮಿನ ತಗಡಿಗೆ ಅಭ್ರಕವೂ ಸೇರಿಕೊಂಡ 2008ರ ಕೃತಿಗೆ ‘ಕಾಗೆಬಂಗಾರ’ ಎಂಬ ಅಚ್ಚಗನ್ನಡ ಹೆಸರನ್ನೇ ಇಟ್ಟರು. ಇದರ ನಡುವೆ, 2007ರಲ್ಲಿ ಜರ್ಮನಿಯ ಕಾಸೆಲ್‌ನ ‘ಡಾಕ್ಯುಮೆಂಟಾ’ ಪ್ರದರ್ಶನದಲ್ಲಿ ‘ಕೊಲ್ಯಾಟರಲ್’ ಬಂತು: ಊದುಬತ್ತಿ ಹೊಸೆಯುವ ಹಿಟ್ಟನ್ನು ಚೌಕಟ್ಟುಗಳ ಮೇಲೆ ಹರಡಿ, ಹೊತ್ತಿಸಿ, ಉಳಿದ ಬೂದಿಯ ಆಕಾರಗಳನ್ನು ಹಾಗೆಯೇ ಬಿಟ್ಟ ಕೃತಿ. ಊದುಬತ್ತಿ ಹೊಸೆದೇ ಬದುಕುವ ಹೆಂಗಸರ ನಾಡಿನಿಂದ ಬಂದವರಿಗೆ ಈ ಸಾಮಗ್ರಿ ಹೊಳೆದದ್ದು ಸಹಜ.

2009ರ ವೆನಿಸ್ ಬಿಯೆನಾಲೆಯ ‘ಬಿಹೋಲ್ಡ್’ ನೋಡಿ. ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲಲ್ಲಿ ಉದ್ದನೆಯದು ವಿಗ್ ಮಾಡುವವರಿಗೆ ಮಾರಾಟವಾಗುತ್ತದೆ; ಗಿಡ್ಡದ್ದು ಹೊಸೆದು ಹಗ್ಗವಾಗುತ್ತದೆ. ದೃಷ್ಟಿ ತಾಗದಿರಲೆಂದು ನಮ್ಮ ಲಾರಿ, ಬೈಕುಗಳಿಗೆ ಕಟ್ಟುವ ಕರಿಯ ಹಗ್ಗ ಅದೇ. ಅಂಥ ಸುಮಾರು 4 ಕಿಲೋಮೀಟರ್ ಹಗ್ಗದಲ್ಲಿ ಇಪ್ಪತ್ತು ಕಾರು ಬಂಪರ್‌ಗಳನ್ನು ತೂಗುಹಾಕಿದರು. ಭಾರವಾದ ಉಕ್ಕನ್ನು ಯಾರ್ಯಾರದೋ ಹರಕೆಯ ಕೂದಲು ಹೊತ್ತು ನಿಂತಿದೆ. ಈ ಕೃತಿ ಈಗ ಬ್ರಿಟನ್ನಿನ ಟೇಟ್ ಸಂಗ್ರಹದಲ್ಲಿದೆ.

ಗೌರವಗಳು ಹಿಂದೆಯೇ ಬಂದವು. 2014ರಲ್ಲಿ ಹ್ಯೂಗೊ ಬಾಸ್ ಪ್ರಶಸ್ತಿಯ ಅಂತಿಮ ಪಟ್ಟಿ, 2019ರಲ್ಲಿ ಮರಿಯಾ ಲಾಸ್ನಿಗ್ ಪ್ರಶಸ್ತಿ, ಅದೇ ವರ್ಷ ಮಿಲಾನ್‌ನ ಪಿರೆಲಿ ಹ್ಯಾಂಗರ್‌ಬಿಕೊಕಾದಲ್ಲಿ ‘ರಿಮೇನ್ಸ್’ ಎಂಬ ದೊಡ್ಡ ಪ್ರದರ್ಶನ, 2020ರಲ್ಲಿ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್‌ನಲ್ಲಿ ಇನ್ನೊಂದು. ನಮ್ಮ ಬೀದಿಯ ಸಾಮಗ್ರಿಯಿಂದ ಹುಟ್ಟಿದ ಇಷ್ಟೊಂದು ಕೆಲಸ ಹೀಗೆ ಒಂದೇ ಸೂರಿನಡಿ ಕನ್ನಡಿಗರ ಕಣ್ಣಿಗೂ ಬೀಳಬೇಕು.

ಆದರೆ ಅಂಥ ಪ್ರದರ್ಶನ ಸುಲಭವಲ್ಲ; ಅವರ ಕೃತಿಗಳನ್ನು ಗೋಡೆಯ ಮೊಳೆಗೆ ನೇತುಹಾಕಿ ಬರುವಂತಿಲ್ಲ. ಕೆಂಪು ಹುರಿಯನ್ನೇ ತೆಗೆದುಕೊಳ್ಳಿ: ಅದಕ್ಕೆ ಒಂದೇ ಖಾಯಂ ಆಕಾರವಿಲ್ಲ. ಪ್ರತಿ ಊರಿನಲ್ಲೂ ಅಲ್ಲಿನ ಗೋಡೆಯ ಎತ್ತರ, ಮೂಲೆ, ಕಂಬ ನೋಡಿಕೊಂಡು ಎಲ್ಲಿ ಬಿಗಿ, ಎಲ್ಲಿ ಸಡಿಲ, ನೆಲಕ್ಕೆ ಎಷ್ಟು, ಗೋಡೆಗೆ ಎಷ್ಟು ಎಂದು ಮತ್ತೆ ಮೊದಲಿನಿಂದ ತೀರ್ಮಾನಿಸಿಯೇ ಅದನ್ನು ಕಟ್ಟಬೇಕು.